ನಾಲೆ ಬಯಲಿನ ಗಂಡಿಗೆ ಹೆಣ್ಣು ಸಿಗದಾದದ್ದು ಹೇಗೆ?

2023ರ ಫೆಬ್ರವರಿ 23ರಂದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಹತ್ತಾರು ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೊರಟರು. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ಈ ಸಲ ಹರಕೆ ಮಾತ್ರ ಹೊಸದಾಗಿತ್ತು. ನಡಿಗೆಗೆ ಅವರೇ ಇಟ್ಟ ಹೆಸರು 'ಬ್ರಹ್ಮಚಾರಿಗಳ ಪಾದಯಾತ್ರೆ'. ಬಹುತೇಕರು ರೈತರ ಮಕ್ಕಳು, ಮೂವತ್ತು ದಾಟಿದವರು. ಬೇಡಿಕೆ ಒಂದೇ: ಮದುವೆಗೆ ಹೆಣ್ಣು ಸಿಗಲಿ.

ಟಿವಿಯಲ್ಲಿ ನಕ್ಕರು. ವಾಟ್ಸಾಪಿನಲ್ಲಿ ಜೋಕುಗಳು ಓಡಾಡಿದವು. ಸುಳ್ಳೇಕೆ, ನಾವೂ ಮೊದಲು ನಕ್ಕಿದ್ದೆವು. ಆಮೇಲೆ ನಮ್ಮ ನಮ್ಮ ಊರಿನಲ್ಲೇ ಲೆಕ್ಕ ಹಾಕಿ ನೋಡಿದೆವು. ಚಿಕ್ಕಪ್ಪನ ಮಗ, ಎದುರು ಮನೆಯ ಅಣ್ಣ, ಹೈಸ್ಕೂಲಿನಲ್ಲಿ ಜೊತೆಗೆ ಕೂತಿದ್ದವನು. ಬೆರಳು ಮಡಚುತ್ತಾ ಹೋದ ಹಾಗೆ ನಗು ನಿಂತಿತು.

ಅದಾಗಿ 17 ದಿನಕ್ಕೆ, ಮಾರ್ಚ್ 12ರಂದು, ಅದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಹೂವು, ಬ್ಯಾನರು, ಲಕ್ಷಾಂತರ ಜನ. ಒಂದೇ ತಾಲ್ಲೂಕು, ಒಂದೇ ತಿಂಗಳೊಳಗೆ ಎರಡು ಮೆರವಣಿಗೆ. ಒಂದು ರಾಜ್ಯದ ಬೆಳವಣಿಗೆಯನ್ನು ಹೊಗಳಿದ್ದು. ಇನ್ನೊಂದು ಅದೇ ಬೆಳವಣಿಗೆ ತಮ್ಮನ್ನು ಎಲ್ಲಿ ಬಿಟ್ಟಿತು ಎಂದು ದೇವರನ್ನು ಕೇಳಿದ್ದು.

ಒಂದು ಕಾಲದಲ್ಲಿ 'ನಾಲೆ ನೀರು ಇರುವ ಮನೆ' ಎಂದರೆ ಹೆಣ್ಣು ಹೆತ್ತವರು ಎರಡನೇ ಮಾತು ಕೇಳುತ್ತಿರಲಿಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದೇ ನಾಲೆ, ಅದೇ ಗದ್ದೆ. ಹಾಗಾದರೆ ಬದಲಾದದ್ದು ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಕಟ್ಟೆ ಕಟ್ಟುವ ಮೊದಲು

ಮಂಡ್ಯ ಅಂದರೆ ಈಗ ಕಣ್ಣಿಗೆ ಬರುವುದು ಹಸಿರು ಗದ್ದೆ, ಕಬ್ಬಿನ ಲಾರಿ, ಆಲೆಮನೆ ಹೊಗೆ. ನೂರು ವರ್ಷದ ಹಿಂದೆ ಈ ಬಯಲಿನ ಬಹುಪಾಲು ಮಳೆ ನಂಬಿದ ನೆಲ. ರಾಗಿ, ಹುರುಳಿ, ಎಳ್ಳು, ಜೋಳ. ಕೆರೆ ಹಿಂದಿನ ಗದ್ದೆಯಲ್ಲಿ, ಹಳೆಯ ಕಾಲುವೆಗಳ ಪಕ್ಕದಲ್ಲಿ ಮಾತ್ರ ಭತ್ತ. ಕಾವೇರಿ ಕಣ್ಣ ಮುಂದೆಯೇ ಹರಿದರೂ ಎತ್ತರದ ಹೊಲಕ್ಕೆ ಹತ್ತುತ್ತಿರಲಿಲ್ಲ.

ಆದರೆ ನಮ್ಮ ಜಿಲ್ಲೆಯ ನೀರು ದುಡಿಯಲು ಶುರು ಮಾಡಿದ್ದು ಗದ್ದೆಗಿಂತ ಮೊದಲು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯನ್ನು ಬಳಸಿ 1902ರಲ್ಲಿ ವಿದ್ಯುತ್ ತೆಗೆದರು. ಆ ಕರೆಂಟು ಮೊದಲು ಹೋದದ್ದು ಸುಮಾರು 150 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ತಂತಿ ಹಾದುಹೋದ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಇನ್ನೂ ಹಲವು ದಶಕ ಉರಿಯಿತು.

ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಮತ್ತೆ ಇದೇ ಬರುತ್ತದೆ.

1911ರಲ್ಲಿ ಕನ್ನಂಬಾಡಿ ಬಳಿ ಕಟ್ಟೆ ಕೆಲಸ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮುಖ್ಯ ಇಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕಟ್ಟೆಗೆ ಎರಡು ಉದ್ದೇಶ ಇತ್ತು. ಒಂದು, ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪದಿರಲಿ ಎಂಬುದು. ಇನ್ನೊಂದು ನೀರಾವರಿ. ಕಟ್ಟೆ ಪೂರ್ತಿಯಾಗಲು ಇಪ್ಪತ್ತು ವರ್ಷ ಹಿಡಿಯಿತು. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ಮುಳುಗಿದವು. ನಮ್ಮ ಗದ್ದೆಯ ಹಸಿರಿಗೆ ಇನ್ಯಾರೋ ತಮ್ಮ ಊರನ್ನೇ ಕೊಟ್ಟಿದ್ದಾರೆ ಎಂಬುದನ್ನು ನಾವು ಮರೆಯುವುದು ಸರಿಯಲ್ಲ.

ಕಟ್ಟೆಯ ನೀರನ್ನು ಮಂಡ್ಯದ ಕಡೆಗೆ ತರಲು ಹುಲಿಕೆರೆ ಬಳಿ ಗುಡ್ಡದೊಳಗೆ ಸುರಂಗ ಕೊರೆದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ನಾಲೆ ಹರಿಯಿತು. ಆಗ ಅದಕ್ಕೆ ವೈಸ್‌ರಾಯ್ ಇರ್ವಿನ್ ಹೆಸರು. ಈಗಿನ ವಿಶ್ವೇಶ್ವರಯ್ಯ ನಾಲೆ, ನಾವೆಲ್ಲ ಕರೆಯುವ ವಿ.ಸಿ. ನಾಲೆ, ಅದೇ. ಲಕ್ಷಕ್ಕೂ ಹೆಚ್ಚು ಎಕರೆ ಒಣ ಹೊಲ ನೀರು ಕಂಡಿತು.

ನೀರು ಬಿಟ್ಟು ಕೈ ತೊಳೆದುಕೊಳ್ಳಲಿಲ್ಲ. 'ಬ್ಲಾಕ್ ಪದ್ಧತಿ' ತಂದರು. ಜಮೀನನ್ನು ಬ್ಲಾಕುಗಳಾಗಿ ಮಾಡಿ, ಮೂರು ವರ್ಷದ ಸರದಿಯಲ್ಲಿ ಒಂದು ಭಾಗಕ್ಕೆ ಕಬ್ಬು, ಒಂದು ಭಾಗಕ್ಕೆ ಭತ್ತ, ಒಂದು ಭಾಗಕ್ಕೆ ರಾಗಿಯಂಥ ಕಡಿಮೆ ನೀರಿನ ಬೆಳೆ. ನೀರು ಹೆಚ್ಚು ಜನಕ್ಕೆ ಹಂಚಿಹೋಗಲಿ, ನೆಲವೂ ಕೆಡದಿರಲಿ ಎಂಬ ಲೆಕ್ಕ. ಈಗ ನಾಲೆಯ ಕೊನೆಯಲ್ಲಿ ನೀರಿಗಾಗಿ ರಾತ್ರಿ ಕಾಯುವವರಿಗೆ ಆ ಲೆಕ್ಕದ ಬೆಲೆ ಗೊತ್ತು.

ಸಕ್ಕರೆ ಕಟ್ಟಿದ ಊರು

ನೀರು ಬಂತು, ಕಬ್ಬು ಬೆಳೆಯಿತು. ಕೊಳ್ಳುವವರು ಯಾರು?

ಇಲ್ಲಿ ಒಬ್ಬ ಕೆನಡಾದವರ ಹೆಸರು ಹೇಳಬೇಕು: ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿನವರಿಗೆ ಕಲಿಸಿದವರು. ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದವರು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಗಲೇಬೇಕೆಂದು ದುಡಿದವರಲ್ಲಿ ಅವರು ಮುಖ್ಯರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸರ್ಕಾರ ದುಡ್ಡು ಹಾಕಿತು, ರೈತರೂ ಷೇರು ಕೊಂಡರು. ಅದೇ ಈಗಿನ 'ಮೈಷುಗರ್'.

ಆಮೇಲಿನದು ವೇಗವಾಗಿ ನಡೆಯಿತು. ಕಾರ್ಖಾನೆಯ ಸುತ್ತ ಊರು ಬೆಳೆಯಿತು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾಯಿತು. ಕಬ್ಬಿನ ದುಡ್ಡಿನಲ್ಲಿ ಹೆಂಚಿನ ಮನೆಗಳು ಎದ್ದವು. ಮಕ್ಕಳು ಹಾಸ್ಟೆಲ್ ಸೇರಿದರು. ಕೆಲವರು ವಕೀಲರಾದರು, ಕೆಲವರು ಶಾಸಕರಾದರು.

ರಾಗಿಯೂ ಹಿಂದೆ ಬೀಳಲಿಲ್ಲ. ನಾಲೆಯ ಹೆಸರನ್ನೇ ಹೊತ್ತ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ತೆಗೆದರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್. ಇಳುವರಿ ಏರಿತು. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು.

ಹಾಗಾಗಿ ಅಜ್ಜಿಯರು ಹೇಳಿದ್ದು ಸುಳ್ಳಲ್ಲ. ಆ ಕಾಲದಲ್ಲಿ ನಾಲೆ ಬಯಲಿನ ರೈತ ಎಂದರೆ ಊರಿನಲ್ಲಿ ಗಟ್ಟಿ ಕುಳ. ಗುಮಾಸ್ತನ ಸಂಬಳಕ್ಕಿಂತ ಎರಡು ಎಕರೆ ಕಬ್ಬು ಮೇಲು ಎಂಬ ಮಾತನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ.

ವಿಶ್ವೇಶ್ವರಯ್ಯನವರ ಇನ್ನರ್ಧ ಮಾತು

ಮಂಡ್ಯದ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕ ವಿಶ್ವೇಶ್ವರಯ್ಯನವರ ಪಟ ಇದೆ. ನೀರು ಕೊಟ್ಟವರು ಅಂತ. ಆದರೆ ಅವರು ಹೇಳಿದ್ದರಲ್ಲಿ ನಾವು ಅರ್ಧ ಮಾತ್ರ ಕೇಳಿಸಿಕೊಂಡೆವು.

ಕೃಷಿಯೊಂದನ್ನೇ ನಂಬಿದ ನಾಡು ಬಡತನದಿಂದ ಮೇಲೇಳದು ಎಂಬುದು ಅವರ ಗಟ್ಟಿ ನಿಲುವು. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ನೆಲದ ಮೇಲಿನ ಜನರ ಭಾರ ಇಳಿಯಬೇಕು, ದೊಡ್ಡ ಸಂಖ್ಯೆಯಲ್ಲಿ ಜನ ಕೈಗಾರಿಕೆಗೆ ಹೋಗಬೇಕು ಎಂಬುದು ಅದರ ತಿರುಳು. ಅವರ ಲೆಕ್ಕದಲ್ಲಿ ನಾಲೆ ಮೊದಲ ಮೆಟ್ಟಿಲು ಮಾತ್ರ. ನಾಲೆಯಿಂದ ಬೆಳೆ ಹೆಚ್ಚಬೇಕು, ಬೆಳೆಯಿಂದ ಕಾರ್ಖಾನೆ ಬರಬೇಕು, ಕಾರ್ಖಾನೆಗೆ ಹಳ್ಳಿಯ ಕೈಗಳು ಹೋಗಬೇಕು. ಉಳಿದವರ ಪಾಲಿಗೆ ಹೆಚ್ಚು ನೆಲ ಸಿಗಬೇಕು.

ಕಾರ್ಖಾನೆಗಳು ಬಂದದ್ದು ನಿಜ. ಮೈಸೂರಿನಲ್ಲಿ ಗಂಧದೆಣ್ಣೆ, ಬೆಂಗಳೂರಿನಲ್ಲಿ ಸಾಬೂನು, 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕವರ ಬದುಕು ನೆಟ್ಟಗಾಯಿತು. ಮಂಡ್ಯ, ತುಮಕೂರು, ಕೋಲಾರದಿಂದ ಹೋದ ಎಷ್ಟೋ ಕುಟುಂಬಗಳು ಬೆಂಗಳೂರಿನಲ್ಲಿ ಸೈಟು ಕೊಂಡದ್ದು ಆ ಸಂಬಳದಲ್ಲೇ.

ಆದರೆ ಎರಡು ಕೊರತೆ ಉಳಿಯಿತು. ದೊಡ್ಡ ಕಾರ್ಖಾನೆಗಳಲ್ಲಿ ಬಹಳಷ್ಟು ಬೆಂಗಳೂರಿನಲ್ಲೇ ಕೂಡಿಕೊಂಡವು. ಜೊತೆಗೆ ಅವು ಕರೆದದ್ದು ಸಾವಿರಗಳ ಲೆಕ್ಕದಲ್ಲಿ. ಹಳ್ಳಿಯಲ್ಲಿ ಹೆಚ್ಚಾಗುತ್ತಿದ್ದ ಕೈಗಳು ಲಕ್ಷಗಳ ಲೆಕ್ಕದಲ್ಲಿ.

1974: ಎರಡು ಘಟನೆ, ಒಂದೇ ವರ್ಷ

1974 ನಮ್ಮ ಕಥೆಯಲ್ಲಿ ದೊಡ್ಡ ವರ್ಷ.

ಆ ವರ್ಷ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿ ಪದ್ಧತಿ ಹೋಯಿತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಎದ್ದ ಕೂಗಿಗೆ ಕಾನೂನಿನ ಉತ್ತರ ಸಿಕ್ಕಿತು. ಭೂನ್ಯಾಯ ಮಂಡಳಿಗಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. 'ಫಾರಂ ನಂಬರ್ 7' ಎಂಬ ಮಾತು ಕರಾವಳಿ, ಮಲೆನಾಡಿನ ಹಿರಿಯರಿಗೆ ಇಂದಿಗೂ ಬಾಯಿಪಾಠ. ಗೇಣಿದಾರರು ಹೆಚ್ಚಾಗಿ ಇದ್ದದ್ದು ಅಲ್ಲೇ. ಲಕ್ಷಾಂತರ ಕುಟುಂಬ ತಲೆ ಎತ್ತಿ ನಡೆಯುವಂತಾದದ್ದು ಈ ಕಾನೂನಿನಿಂದ. ಅದರಲ್ಲಿ ಎರಡು ಮಾತಿಲ್ಲ.

ಅದೇ 1974ರಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪೈಪಿನಲ್ಲಿ ಕಾವೇರಿ ನೀರು ಬೆಂಗಳೂರಿಗೆ ಹತ್ತಿತು. ಸುಮಾರು ನೂರು ಕಿಲೋಮೀಟರ್. ಕುಡಿಯುವ ನೀರು ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅಲ್ಲಿ ಕುಡಿಯುವವರಲ್ಲಿ ನಮ್ಮ ಅಕ್ಕ, ತಮ್ಮಂದಿರೇ ಇದ್ದಾರೆ. ಆದರೆ ಕ್ರಮ ಗಮನಿಸಿ. 1902ರಲ್ಲಿ ನಮ್ಮ ತಾಲ್ಲೂಕಿನ ಕರೆಂಟು ಹೊರಗೆ ಹೋಯಿತು. 1974ರಲ್ಲಿ ನೀರು ಹೋಯಿತು. ಕೆಲಸ ಮಾತ್ರ ನಮ್ಮ ಕಡೆಗೆ ಬರಲಿಲ್ಲ.

ಭೂಮಿ ಸಿಕ್ಕಿತು ನಿಜ, ಅದು ಬೆಳೆಯುವ ವಸ್ತುವಲ್ಲ. ಅಪ್ಪನಿಗೆ ಎಂಟು ಎಕರೆ, ನಾಲ್ವರು ಮಕ್ಕಳು, ತಲೆಗೆ ಎರಡು. ಅವರಿಗೆ ಇಬ್ಬಿಬ್ಬರು ಮಕ್ಕಳು, ತಲೆಗೆ ಒಂದು. ಇದು ಕಥೆಯಲ್ಲ, ಕೃಷಿ ಗಣತಿಯ ಲೆಕ್ಕವೂ ಇದನ್ನೇ ಹೇಳುತ್ತದೆ. 1970-71ರಲ್ಲಿ ಕರ್ನಾಟಕದಲ್ಲಿ ಸುಮಾರು 35 ಲಕ್ಷ ಹಿಡುವಳಿ, ಸರಾಸರಿ 3.20 ಹೆಕ್ಟೇರು, ಅಂದರೆ ಹೆಚ್ಚು ಕಡಿಮೆ 8 ಎಕರೆ. 2015-16ಕ್ಕೆ ಹಿಡುವಳಿಗಳು ಸುಮಾರು 87 ಲಕ್ಷ, ಸರಾಸರಿ 1.36 ಹೆಕ್ಟೇರು. ನಮ್ಮ ಭಾಷೆಯಲ್ಲಿ 3 ಎಕರೆ 14 ಗುಂಟೆ. ಮಂಡ್ಯದಂಥ ನೀರಾವರಿ ಸೀಮೆಯಲ್ಲಿ ಇನ್ನೂ ಕಡಿಮೆ.

ಕೈಗಾರಿಕೆ ಕೈ ಹಿಡಿಯದಿದ್ದಾಗ ಪಾಲು ಪಟ್ಟಿಯೇ ಉದ್ಯೋಗವಾಯಿತು. ಹೊಲ ಸಣ್ಣದಾದಷ್ಟೂ ಬೋರು, ಗೊಬ್ಬರ, ಸಾಲ ದೊಡ್ಡದಾಯಿತು.

ಬೆಲೆ ಕೇಳಿದವರು

ರೈತರು ಸುಮ್ಮನೆ ಕೂತಿರಲಿಲ್ಲ. ಉತ್ತರದಲ್ಲಿ ಮಲಪ್ರಭಾ ನಾಲೆ ಬಂದಿತ್ತು. ನೀರು ಸರಿಯಾಗಿ ತಲುಪುವ ಮೊದಲೇ 'ಅಭಿವೃದ್ಧಿ ಕರ' ಕಟ್ಟಿ ಎಂದಿತು ಸರ್ಕಾರ. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಎದ್ದರು. ಗೋಲಿಬಾರ್ ಆಯಿತು, ಜೀವಗಳು ಹೋದವು. ಅದೇ ಕಿಡಿಯಿಂದ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಊರೂರು ತಿರುಗಿದರು. ಹಸಿರು ಶಾಲು ಮಂಡ್ಯಕ್ಕೂ ಬಂತು.

ಅವರು ಕೇಳಿದ್ದು ಸರಳ ಪ್ರಶ್ನೆ. ನಾವು ಬೆಳೆದದ್ದರ ಬೆಲೆಯನ್ನು ಯಾರೋ ಕಟ್ಟುತ್ತಾರೆ, ನಾವು ಕೊಳ್ಳುವುದರ ಬೆಲೆಯನ್ನೂ ಯಾರೋ ಕಟ್ಟುತ್ತಾರೆ. ಇದು ಯಾವ ನ್ಯಾಯ? ಕಬ್ಬಿಗೆ ಕೇಂದ್ರ ಸರ್ಕಾರ ಬೆಲೆ ನಿಗದಿ ಮಾಡುತ್ತದೆ. ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. 14 ದಿನ ಎಂಬುದು ಎಷ್ಟು ತಿಂಗಳಾಗುತ್ತದೆ ಎಂಬುದನ್ನು ನಾಲೆ ಬಯಲಿನವರಿಗೆ ನಾವು ಹೇಳಬೇಕಾಗಿಲ್ಲ.

2015ರ ಬೇಸಿಗೆ ಮುಗಿಯುವ ಹೊತ್ತಿಗೆ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಮಂಡ್ಯದಿಂದ ಸಾಲುಸಾಲಾಗಿ ಬಂತು. ಒಂದು ಕಾಲಕ್ಕೆ ಊರನ್ನೇ ಕಟ್ಟಿದ ಮೈಷುಗರ್ ಕೂಡ ಮುಂದೆ ಕೆಲವು ವರ್ಷ ಕಬ್ಬು ಅರೆಯುವುದನ್ನೇ ನಿಲ್ಲಿಸಿತು. ಜನ ಹೋರಾಡಿದ ಮೇಲೆ 2022ರಲ್ಲಿ ಮತ್ತೆ ಶುರುವಾಯಿತು.

ಹತ್ತು ಮುದ್ದೆಯ ಲೆಕ್ಕ

ಈಗ ಇಡೀ ರಾಜ್ಯದ ಲೆಕ್ಕವನ್ನು ಒಂದು ಪಂಕ್ತಿಯಲ್ಲಿ ಕೂರಿಸೋಣ.

ರಾಜ್ಯದಲ್ಲಿ ದುಡಿಯುವವರು ಹತ್ತೇ ಜನ ಅಂದುಕೊಳ್ಳಿ. ರಾಜ್ಯದ ಒಟ್ಟು ಆದಾಯ ಹತ್ತು ಮುದ್ದೆ.

1961ರ ಸುಮಾರಿಗೆ ಹತ್ತರಲ್ಲಿ ಏಳು ಜನ ಬೇಸಾಯದವರು. ರೈತರು, ಕೂಲಿಯವರು ಎಲ್ಲ ಸೇರಿ. ಅವರ ಎದುರಿಗೆ ಸುಮಾರು ಆರು ಮುದ್ದೆ. ಉಳಿದ ಮೂವರಿಗೆ ನಾಲ್ಕು. ವ್ಯತ್ಯಾಸ ಇತ್ತು, ಆದರೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಷ್ಟು.

2011ರ ಜನಗಣತಿ ಹೊತ್ತಿಗೆ ಬೇಸಾಯದವರು ಹತ್ತರಲ್ಲಿ ಐವರು. ಅವರ ಎದುರಿಗೆ ಉಳಿದದ್ದು ಒಂದೂವರೆ ಮುದ್ದೆಯ ಆಸುಪಾಸು. ಉಳಿದ ಐವರಿಗೆ ಎಂಟೂವರೆ. ಅಂದರೆ ಆ ಕಡೆ ಕೂತವನ ಪಾಲು ಈ ಕಡೆಯವನ ಪಾಲಿಗಿಂತ ಐದು ಪಟ್ಟಿಗೂ ಹೆಚ್ಚು.

ಒಂದು ಮಾತು ಸ್ಪಷ್ಟವಾಗಿರಲಿ. 1961ರ ಮುದ್ದೆಗಿಂತ ಈಗಿನ ಮುದ್ದೆ ಬಹಳ ದೊಡ್ಡದು. ರೈತ ಆಗಿಗಿಂತ ಈಗ ಹಸಿದಿದ್ದಾನೆ ಎಂದು ನಾವು ಹೇಳುತ್ತಿಲ್ಲ. ಮನೆಯಲ್ಲಿ ಟಿವಿ, ಬೈಕು, ಗ್ಯಾಸು ಇವೆ. ಡೈರಿಗೆ ಹಾಲು ಹಾಕಿ ಹೆಂಗಸರು ನಡೆಸುವ ಸಂಸಾರಗಳು ಸಾವಿರಾರು. ಮಗಳೋ ಮಗನೋ ಪೇಟೆಯಿಂದ ಕಳಿಸುವ ದುಡ್ಡೂ ಇದೆ. ಆದರೆ ಹೆಣ್ಣು ಕೊಡುವವರು ತೂಗುವುದು ಅಜ್ಜನ ಕಾಲದ ಮುದ್ದೆಯ ಜೊತೆಗಲ್ಲ. ಪಕ್ಕದವನ ತಟ್ಟೆಯ ಜೊತೆ.

ಇದೇ ನಮ್ಮ ಪ್ರಶ್ನೆಗೆ ಉತ್ತರ. ರಾಜ್ಯದ ಆದಾಯ ಬೇಸಾಯ ಬಿಟ್ಟು ವೇಗವಾಗಿ ಓಡಿತು. ಜನ ಅಷ್ಟು ವೇಗವಾಗಿ ಓಡಲು ಆಗಲಿಲ್ಲ.

ನಡುವಿನ ಮೆಟ್ಟಿಲು ಇಲ್ಲದ ಏಣಿ

ಬೇರೆ ದೇಶಗಳಲ್ಲೂ ಜನ ಬೇಸಾಯ ಬಿಟ್ಟಿದ್ದಾರೆ. ದಕ್ಷಿಣ ಕೊರಿಯಾದಲ್ಲಿ 1960ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ರೈತರು. ಈಗ ನೂರಕ್ಕೆ ಐದರ ಆಸುಪಾಸು. ಅಲ್ಲಿ ಬಟ್ಟೆ, ಬೂಟು, ರೇಡಿಯೋ, ಹಡಗು, ಕಾರು ಹೀಗೆ ಒಂದಾದ ಮೇಲೊಂದು ಕಾರ್ಖಾನೆ ಬಂದು ಹಳ್ಳಿಯ ಹುಡುಗ ಹುಡುಗಿಯರನ್ನು ಕರೆದವು. ಹೆಚ್ಚು ಓದು ಇಲ್ಲದವರಿಗೂ ಕೆಲಸ ಸಿಕ್ಕಿತು. ಅದು ಸುಖದ ಕೆಲಸ ಆಗಿರಲಿಲ್ಲ, ಆದರೆ ಏಣಿಯ ನಡುವಿನ ಮೆಟ್ಟಿಲು ಆಗಿತ್ತು.

ಕರ್ನಾಟಕದಲ್ಲಿ ಏಣಿಯ ಕೆಳಗಿನ ಮೆಟ್ಟಿಲು ಬೇಸಾಯ, ಮೇಲಿನದು ಸಾಫ್ಟ್‌ವೇರ್. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1991ರ ನಂತರ ಬಾಗಿಲು ಪೂರ್ತಿ ತೆರೆಯಿತು. ಇವತ್ತು ರಾಜ್ಯದ ಆದಾಯದಲ್ಲಿ ಮೂರರಲ್ಲಿ ಎರಡು ಪಾಲು ಸೇವಾ ವಲಯದ್ದು. ಅದರಲ್ಲಿ ಸಾಫ್ಟ್‌ವೇರ್, ಬ್ಯಾಂಕು, ವ್ಯಾಪಾರ, ಸಾರಿಗೆ ಎಲ್ಲ ಬಂತು. ಕೈಗಾರಿಕೆಯ ಪಾಲು ಐದರಲ್ಲಿ ಒಂದರ ಸುತ್ತಲೇ ಇದೆ. ಇಂಗ್ಲಿಷ್ ಮೀಡಿಯಂ, ಇಂಜಿನಿಯರಿಂಗ್ ಸೀಟು ಸಿಕ್ಕವನು ಒಂದೇ ನೆಗೆತಕ್ಕೆ ಮೇಲೆ ಹೋದ. ಪಿಯುಸಿಯಲ್ಲಿ ನಿಂತವನು ಬೆಂಗಳೂರಿಗೆ ಹೋಗಿ ಆಟೋ, ಕ್ಯಾಬು, ಸೆಕ್ಯೂರಿಟಿ, ಡೆಲಿವರಿ ಹಿಡಿದ. ಅದೂ ಸೇವಾ ವಲಯವೇ. ಬಾಡಿಗೆ ಕಟ್ಟಿ ಉಳಿದರೆ ಊರಿಗೆ ಕಳಿಸಿದ. ಉಳಿಯದಿದ್ದರೆ ವಾಪಸ್ ಬಂದು ಅಪ್ಪನ ಮೂವತ್ತು ಗುಂಟೆಯಲ್ಲಿ ನಿಂತ.

ನಡುವಿನ ಮೆಟ್ಟಿಲಿನಂಥದ್ದು ಒಂದು ಬಂತು: ಗಾರ್ಮೆಂಟ್ಸ್. ಅದನ್ನು ಹತ್ತಿದವರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳು. ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟಿ ವ್ಯಾನು ಹತ್ತುವವರನ್ನು ಈಗ ಹೆದ್ದಾರಿ ಪಕ್ಕದ ಯಾವ ಊರಿನಲ್ಲೂ ನೋಡಬಹುದು. ಸಂಬಳ ಕಡಿಮೆ, ಬೈಗುಳ ಹೆಚ್ಚು. ಕೈಯಲ್ಲಿ ಉಳಿಯುವ ಇಡಿಗಂಟು ಎಂದರೆ ಪಿಎಫ್ ಮಾತ್ರ. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ಹೊಸೂರು ರಸ್ತೆ ಮತ್ತು ಬೇರೆ ರಸ್ತೆಗಳಿಗೆ ಇಳಿದರು. ದೊಡ್ಡ ನಾಯಕರು ಯಾರೂ ಕರೆದಿರಲಿಲ್ಲ. ನಗರ ಸ್ತಬ್ಧವಾಯಿತು. ಎರಡನೇ ದಿನವೇ ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು.

ಅವರಿಗೆ ಆ ದುಡ್ಡು ಯಾಕೆ ಅಷ್ಟು ಮುಖ್ಯ? ಊರಿನ ಮನೆಯ ಸೂರು, ತಮ್ಮನ ಓದು, ತಂಗಿಯ ಮದುವೆ, ಅಪ್ಪನ ಬ್ಯಾಂಕ್ ಸಾಲ. ಬೇಸಾಯದ ಒಂದೂವರೆ ಮುದ್ದೆಯನ್ನು ಎಳೆದು ಎಳೆದು ಇಡೀ ಮನೆಗೆ ಸಾಕಾಗುವಂತೆ ಮಾಡಿದವರು ಇವರೇ.

ಹೆಣ್ಣುಮಕ್ಕಳನ್ನು ದೂರಬೇಡಿ

ಹೆಣ್ಣು ಸಿಗದ ಮಾತು ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಒಂದು ಮಾತು ಕೇಳುತ್ತದೆ: "ಈಗಿನ ಹೆಣ್ಣುಮಕ್ಕಳಿಗೆ ಸಗಣಿ ಮುಟ್ಟೋಕೆ ಆಗಲ್ಲ ಕಣಪ್ಪ." ಇದು ಸರಿಯಲ್ಲ.

ಬೇಸಾಯದ ಮನೆಗೆ ಸೊಸೆಯಾಗಿ ಬಂದವಳು ನಾಟಿ, ಕಳೆ, ಹಸು, ಒಲೆ ಎಲ್ಲ ಮಾಡುತ್ತಾಳೆ. ಪಹಣಿಯಲ್ಲಿ ಅವಳ ಹೆಸರು ಇರುವುದಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ಕೇಂದ್ರವೂ ಮಾಡಿತು. ಊರಿನಲ್ಲಿ ನಡೆಯುವುದು ಬೇರೆ. ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ತನ್ನ ಹೆಸರಿಗೆ ಒಂದು ಗುಂಟೆಯೂ ಇಲ್ಲದ ಬೇಸಾಯಕ್ಕೆ ಬದುಕು ಕೊಡು ಎಂದರೆ ಯಾರು ಒಪ್ಪುತ್ತಾರೆ? ತಾಯಿ ಸವೆದದ್ದನ್ನು ನೋಡಿ ಬೆಳೆದ ಮಗಳು ಸರಿಯಾಗಿಯೇ ಲೆಕ್ಕ ಹಾಕಿದ್ದಾಳೆ.

ಇನ್ನೊಂದು ಕಹಿ ಸತ್ಯವೂ ಇದೆ. ಹುಟ್ಟಬೇಕಿದ್ದ ಎಷ್ಟೋ ಹೆಣ್ಣುಮಕ್ಕಳು ಹುಟ್ಟಲೇ ಇಲ್ಲ. 2023ರ ಕೊನೆಯಲ್ಲಿ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಹಿಡಿದಾಗ, ಸ್ಕ್ಯಾನಿಂಗ್ ನಡೆಯುತ್ತಿದ್ದ ಜಾಗಗಳಲ್ಲಿ ಒಂದು ಮಂಡ್ಯದ ಆಲೆಮನೆ ಎಂದು ಗೊತ್ತಾಯಿತು. ಬೆಲ್ಲ ಮಾಡುವ ಜಾಗ. ನಾಲೆಯ ನೀರು ಕೊಟ್ಟ ಸಿಹಿ ಕಾಯಿಸುವ ಜಾಗದಲ್ಲೇ ಹೆಣ್ಣು ಬೇಡ ಎಂದು ತೀರ್ಮಾನ ಆಗುತ್ತಿತ್ತು. ಇದಕ್ಕೆ ಬೆಂಗಳೂರನ್ನೋ ಸರ್ಕಾರವನ್ನೋ ಮಾತ್ರ ದೂರಿ ನಾವು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹೆದ್ದಾರಿಯ ಎರಡೂ ಬದಿ

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದರು. ಅಲ್ಲಿಯವರೆಗೆ ರೈತರಲ್ಲದವರು, ಬೇರೆ ಕಡೆ ಹೆಚ್ಚು ಆದಾಯ ಇದ್ದವರು ಕೃಷಿ ಜಮೀನು ಕೊಳ್ಳಲು ತಡೆ ಇತ್ತು. ಈಗ ಯಾರು ಬೇಕಾದರೂ ಕೊಳ್ಳಬಹುದು. ಹೆದ್ದಾರಿ ಬಂದ ಮೇಲೆ ಕಾರು ನಿಲ್ಲಿಸಿ ರೇಟು ಕೇಳುವವರು ಹೆಚ್ಚಾಗಿದ್ದಾರೆ. ಮಾರಿದವನ ಕೈಗೆ ಒಮ್ಮೆಗೇ ದುಡ್ಡು ಬರುತ್ತದೆ. ಆಮೇಲೆ ಅವನ ಮಗ ಏನು ಮಾಡುತ್ತಾನೆ ಎಂಬುದಕ್ಕೆ ಹೆದ್ದಾರಿಯ ಬಳಿ ಉತ್ತರ ಇಲ್ಲ. ಕರೆಂಟು ಹೋಯಿತು, ನೀರು ಹೋಯಿತು, ಹುಡುಗರು ಹೋದರು. ಇನ್ನು ಉಳಿದಿರುವುದು ನೆಲ.

ಹಾಗಂತ ಹಳೆಯ ಕಾಲ ವಾಪಸ್ ಬರಲಿ ಎಂದು ನಾವು ಹೇಳುತ್ತಿಲ್ಲ. ಎಲ್ಲರೂ ಬೇಸಾಯದಲ್ಲೇ ಇರಬೇಕು ಎನ್ನುವುದು ವಿಶ್ವೇಶ್ವರಯ್ಯನವರ ಕನಸೂ ಆಗಿರಲಿಲ್ಲ. ಜನ ಬೇಸಾಯ ಬಿಡಬಹುದು. ಆದರೆ ಬಿಟ್ಟು ಹೋಗುವ ಕಡೆ ಗೌರವದ ಕೆಲಸ ಇರಬೇಕು. ಉಳಿದವರ ತಟ್ಟೆಗೆ ತಕ್ಕ ಮುದ್ದೆ ಬೀಳಬೇಕು. ಇದೇ ಅವರ ಇನ್ನರ್ಧ ಮಾತು.

ಅದಕ್ಕೆ ನಾವು ಕೇಳಬೇಕಾದದ್ದು ಸರಳ. ಕಬ್ಬಿನ ದುಡ್ಡು ಕಾನೂನು ಹೇಳಿದ 14 ದಿನಕ್ಕೆ ಬರಲಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ದೂರದಲ್ಲಿ, ತಾಲ್ಲೂಕು ತಾಲ್ಲೂಕಿನಲ್ಲಿ, ಪಿಎಫ್ ಇರುವ ಕೆಲಸ ಸಿಗಲಿ. ಸರ್ಕಾರಿ ಶಾಲೆ, ಐಟಿಐ ಗಟ್ಟಿಯಾಗಲಿ. ಇದು ಸರ್ಕಾರದ ಪಾಲು. ಪಹಣಿಯಲ್ಲಿ ಮಗಳ ಹೆಸರು, ಸೊಸೆಯ ಹೆಸರು ಇರಲಿ. ಇದು ನಮ್ಮ ಪಾಲು. ಇದಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಕಾಗಿಲ್ಲ.

ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿತಾ ಎಂದು ನಾವೆಲ್ಲ ದಿನಾ ಮೊಬೈಲಿನಲ್ಲಿ ನೋಡುತ್ತೇವೆ. ಮುಟ್ಟಿದ ದಿನ ಸ್ಟೇಟಸ್ ಹಾಕುತ್ತೇವೆ. ಕಟ್ಟೆ ತುಂಬಿದರೆ ಬದುಕು ತುಂಬುತ್ತದೆ ಎಂಬ ನಂಬಿಕೆ ನಮ್ಮ ಅಜ್ಜಂದಿರ ಕಾಲಕ್ಕೆ ನಿಜವಾಗಿತ್ತು. ಈಗ ಕಟ್ಟೆ ತುಂಬಿದ ವರ್ಷವೂ ಮದುವೆ ಆಗದ ಹುಡುಗರು ಬೆಟ್ಟ ಹತ್ತುತ್ತಿದ್ದಾರೆ.

ಅವರ ಮೇಲಿನ ಜೋಕು ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಕಳಿಸಿದವರಿಗೆ ಈ ಹತ್ತು ಮುದ್ದೆಯ ಲೆಕ್ಕ ಕಳಿಸಿ.